ಹಿತ್ತಲಿನ ಎರಡನೆಯ ಕಲ್ಲು

ಮಳೆ ಬರುತ್ತದೋ ಇಲ್ಲವೋ ಎಂದು ಆ ಮನೆಯಲ್ಲಿ ಕೇಳಿದವರಿಗೆ ಎರಡು ಉತ್ತರ ಸಿಗುತ್ತಿತ್ತು, ಅದೂ ಒಟ್ಟಿಗೇ. ಬಾಗಿಲ ಬಳಿ ಕೂತ ಅತ್ತೆ "ಬರುತ್ತೆ" ಎಂದರೆ, ರೊಟ್ಟಿ ಬೇಯಿಸುತ್ತಿದ್ದ ಸೊಸೆ ಫೋನಿನ ಮೇಲೆ ಕಣ್ಣಾಡಿಸಿ "ಬರಲ್ಲ" ಎನ್ನುತ್ತಿದ್ದಳು. ಮಾರನೆಯ ದಿನ ಸೊಸೆ "ಬರುತ್ತೆ" ಎಂದರೆ ಅತ್ತೆ ಮೂಗು ಮುರಿಯುತ್ತಿದ್ದಳು. ಕೇಳಲು ಬಂದವರು ಕೊಟ್ಟ ಚಹಾ ಕುಡಿದು, ಬರುವಾಗ ಇದ್ದುದಕ್ಕಿಂತ ಹೆಚ್ಚು ಗಲಿಬಿಲಿಯಲ್ಲಿ ಎದ್ದು ಹೋಗುತ್ತಿದ್ದರು.

ಮೊದಲು ಹೀಗಿರಲಿಲ್ಲ. ಆ ಬೀದಿಯ ಗಂಡಸರು ಲಾರಿ, ಗ್ಯಾರೇಜು, ಕಟ್ಟಡದ ಕೆಲಸ ಎಂದು ಹೊರಗೆ ದುಡಿಯುವವರು. ಹೊಲ ನೋಡಿಕೊಳ್ಳುವವರು ಹೆಂಗಸರು. ಬಿತ್ತುವುದು, ಕೊಯ್ಯುವುದು, ಒಣಹಾಕುವುದು ಎಲ್ಲಕ್ಕೂ ಅತ್ತೆಯ ಮಾತೇ ಮಾತಾಗಿತ್ತು. ಹಗ್ಗದ ಮೇಲಿನ ಬಟ್ಟೆಯನ್ನು ಗಾಳಿ ಯಾವ ಕಡೆಗೆ ಹಾರಿಸುತ್ತದೆ, ಹಕ್ಕಿ ಎಷ್ಟು ಕೆಳಗೆ ಹಾರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಹಿತ್ತಲ ಗೋಡೆಯ ಬುಡದಲ್ಲಿರುವ ಇರುವೆಗಳು ಏನು ಮಾಡುತ್ತಿವೆ ಎಂದು ನೋಡಿ ಹೇಳುವವಳು ಅವಳು. ಇರುವೆ ಬಿಳಿ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿತೋ, ಮಳೆ ಬಂತೆಂದೇ ಲೆಕ್ಕ. ಅವಳನ್ನು ಎಲ್ಲರೂ ಗಾಳಿಯಜ್ಜಿ ಎನ್ನುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಸೊಸೆಯೂ ಆ ಮಾತನ್ನು ನಂಬಿಯೇ ಬಟ್ಟೆ ಒಗೆದವಳು, ಸುಳ್ಳು ಹೇಳಬಾರದು.

ಆಮೇಲೆ ಕಂಬ ಬಂತು. ಬೇಸಾಯದ ಆಫೀಸಿನ ಮೇಡಂ ಹೆಂಗಸರ ಸಂಘಕ್ಕೆಂದು ತಂದ ಹವಾಮಾನದ ಯಂತ್ರ ಅದು. ತುದಿಯಲ್ಲಿ ತಿರುಗುವ ಬಟ್ಟಲು, ನಡುವೆ ಬಿಳಿ ಡಬ್ಬಿ, ಬುಡದಲ್ಲಿ ಮಣ್ಣಿನ ತೇವ ಅಳೆಯುವ ಒಂದು ಕಡ್ಡಿ. ಹೊಲದಲ್ಲಿ ನೆಟ್ಟರೆ ದನ ಮೈ ಉಜ್ಜಿ ಬೀಳಿಸುತ್ತವೆ ಎಂದು ಸೊಸೆಯ ಗಂಡನೇ ಅದನ್ನು ಮನೆಯ ಹಿತ್ತಲಲ್ಲಿ, ಗೋಡೆಯ ಪಕ್ಕ ನಿಲ್ಲಿಸಿದ. ಕಂಬ ಕಳಿಸಿದ ಸುದ್ದಿಯನ್ನು ಆಫೀಸಿನಲ್ಲಿ ಉಪಗ್ರಹದ ಸುದ್ದಿಯೊಂದಿಗೆ ಕೂಡಿಸಿ ಫೋನಿಗೆ ಬಣ್ಣ ಕಳಿಸುತ್ತಿದ್ದರು. ಕೆಂಪು ಎಂದರೆ ಬೇಡ, ಹಳದಿ ಎಂದರೆ ಕಾಯಿರಿ, ಹಸಿರು ಎಂದರೆ ಬಿತ್ತಿರಿ. ಬಣ್ಣ ನೋಡಿ ಸಂಘದವರಿಗೆ ಹೇಳುವ ಕೆಲಸ ಸೊಸೆಯ ಪಾಲಿಗೆ ಬಂದದ್ದೇ, ಬೀದಿ ಅವಳಿಗೂ ಒಂದು ಹೆಸರಿಟ್ಟಿತು. ಮೀಟರಮ್ಮ.

"ಅಜ್ಜಿ ಮಾತನ್ನೂ ಬಿಡಬೇಡಿ," ಎಂದು ಮೇಡಂ ಹೋಗುವಾಗ ಹೇಳಿದ್ದರು. "ಅಜ್ಜಿ ಇರುವೆ, ನಮ್ಮ ಮೀಟರು, ಎರಡೂ ಒಂದೇ ಮಾತು ಹೇಳಿದ ದಿನ ಕಣ್ಣು ಮುಚ್ಚಿಕೊಂಡು ಬಿತ್ತಿ."

ಸಂಘದವರಿಗೆ ಈ ಮಾತು ಬಹಳ ಹಿಡಿಸಿತು. ಏಕೆಂದರೆ ಬಿತ್ತುವುದು ತಮಾಷೆಯಲ್ಲ. ಅವರ ಬಳಿ ಇದ್ದದ್ದು ತಾವೇ ಆರಿಸಿ ಇಟ್ಟುಕೊಂಡ ಗಿಡ್ಡ ಜೋಳದ ಬೀಜ. ಅಲ್ಲಿನ ಜೋರು ಗಾಳಿಗೆ ಬಗ್ಗದೆ ನಿಲ್ಲುವುದು ಅದೊಂದೇ, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಒಮ್ಮೆ ಬಿತ್ತಿದರೆ ಮುಗಿಯಿತು. ಮಳೆ ಕೈಕೊಟ್ಟರೆ ಆ ವರ್ಷ ಹೊಲ ಖಾಲಿ, ಮುಂದಿನ ವರ್ಷಕ್ಕೆ ಬೀಜವೂ ಖಾಲಿ. "ಬಿತ್ತಿ" ಎನ್ನುವ ಆ ಒಂದು ಮಾತು ಈಗ ಸೊಸೆಯ ಬಾಯಿಂದ ಹೊರಡಬೇಕಿತ್ತು.

ಆದರೆ ಇರುವೆ ಮತ್ತು ಮೀಟರು ಒಂದಾಗಬೇಕಲ್ಲ. ಅವು ಒಂದಾಗಲಿಲ್ಲ, ಅವುಗಳ ಪರವಾಗಿ ಇವರಿಬ್ಬರೂ ಎದುರುಬದುರಾದರು.

"ಅಜ್ಜಿ, ಇವತ್ತು ಛತ್ರಿ ತಗೊಂಡು ಹೋಗ್ಲಾ?" ಎಂದು ಕಾಲೇಜಿಗೆ ಹೊರಟ ಮೊಮ್ಮಗಳು ಕೇಳುತ್ತಿದ್ದಳು.

"ತಗೊಂಡು ಹೋಗು."

"ಬೇಡ, ಸುಮ್ನೆ ಭಾರ," ಎನ್ನುತ್ತಿದ್ದಳು ಸೊಸೆ.

"ಸರಿ, ಅರ್ಧ ತಗೊಂಡು ಹೋಗ್ತೀನಿ," ಎಂದು ಹುಡುಗಿ ಚಪ್ಪಲಿ ಮೆಟ್ಟುತ್ತಿದ್ದಳು.

ಇದು ನಗೆಯಲ್ಲೇ ಮುಗಿಯುತ್ತಿತ್ತೋ ಏನೋ. ಆದರೆ ಒಂದು ಬೆಳಗ್ಗೆ, ಅಂಗಳದಲ್ಲಿ ಹರಡಿದ್ದ ಮೆಣಸಿನಕಾಯಿ ತೆಗೆಯಬೇಕೋ ಬೇಡವೋ ಎನ್ನುವುದಕ್ಕೆ ಜಗಳ ಹತ್ತಿತು. ಸೊಸೆ ತೆಗೆದಳು, ಅತ್ತೆ ಮತ್ತೆ ಹರಡಿದಳು, ಸೊಸೆ ಮತ್ತೆ ತೆಗೆದಳು. ಕೊನೆಗೆ ಸೊಸೆಯ ಬಾಯಿ ಜಾರಿತು. "ಇರುವೆ ನೋಡ್ಕೊಂಡು ಬೇಸಾಯ ಮಾಡೋ ಕಾಲ ಹೋಯ್ತು ಅತ್ತೆ. ನಿಮ್ಮ ಕಣ್ಣಿಗೆ ಇರುವೆ ಕಾಣುತ್ತೋ, ಅಕ್ಕಿ ನುಚ್ಚು ಕಾಣುತ್ತೋ ಯಾರಿಗೆ ಗೊತ್ತು."

ಅತ್ತೆ ಕೂಗಾಡಲಿಲ್ಲ. ಊಟವಾದ ಮೇಲೆ ತನ್ನ ತಟ್ಟೆ, ಲೋಟ, ಚಹಾದ ಪಾತ್ರೆ ಎತ್ತಿಕೊಂಡು ನಿಂತಳು. "ಕಣ್ಣು ಕಾಣದವಳ ತಟ್ಟೆ ನೀನ್ಯಾಕೆ ತೊಳೀಬೇಕು? ನಂದು ನಾನು ತೊಳ್ಕೋತೀನಿ."

ಪಾತ್ರೆ ತೊಳೆಯುವ ಕಲ್ಲು ಮನೆಯ ಬಲಮಗ್ಗುಲಲ್ಲಿ, ನಿಂಬೆ ಗಿಡದ ಹತ್ತಿರ ಇತ್ತು. ಅಷ್ಟು ವರ್ಷ ಅಲ್ಲಿ ಒಬ್ಬಳು ಉಜ್ಜುವುದು, ಒಬ್ಬಳು ಜಾಲಾಡುವುದು ನಡೆದಿತ್ತು. ಬೀದಿಯ ಸುದ್ದಿಯೆಲ್ಲ ಆ ಕಲ್ಲಿನ ಮೇಲೇ ತೊಳೆದು ಬೋರಲಾಗುತ್ತಿತ್ತು. ಈಗ ಅತ್ತೆ ಮೊದಲು ಹೋದರೆ ಸೊಸೆ ಕಾಯಬೇಕು, ಸೊಸೆ ಮೊದಲು ಹೋದರೆ ಅತ್ತೆ ತಟ್ಟೆ ಹಿಡಿದು ನಿಂತೇ ಇರಬೇಕು. ಸೋಪಿನ ಬಿಲ್ಲೆ ಎರಡಾಯಿತು. ತಿಕ್ಕುವ ನಾರೂ ಎರಡಾಯಿತು.

ಇವರಿಬ್ಬರ ನಡುವೆ ಸಿಕ್ಕಿ ಹಣ್ಣಾದವನು ಸೊಸೆಯ ಗಂಡ. ಅವನು ನೀರಿನ ಪಂಪು ರಿಪೇರಿ ಮಾಡುವವನು. ಮನುಷ್ಯರ ಜಗಳ ಬಿಡಿಸಲು ಬಾರದು, ಪೈಪು ಬಿಡಿಸಲು ಬರುತ್ತದೆ. ಒಂದು ರಜೆಯ ದಿನ ಹಿತ್ತಲ ಮೂಲೆಯಲ್ಲಿ ಅಮ್ಮನಿಗೆಂದೇ ಇನ್ನೊಂದು ಕಲ್ಲು ಹಾಸಿ, ನಲ್ಲಿ ಎಳೆದು, ಕೊಳೆನೀರಿನಲ್ಲಿ ಅಮ್ಮ ಜಾರಿ ಬೀಳದಿರಲಿ ಎಂದು ನೆಲದೊಳಗೇ ಕಾಲುವೆ ತೋಡಿ ಮೇಲೆ ಹೆಂಚು ಮುಚ್ಚಿ ಮಣ್ಣೆಳೆದ.

"ನೋಡು, ಒಂದು ಹನಿ ಕಣ್ಣಿಗೆ ಬೀಳಲ್ಲ," ಎಂದು ಹೆಂಡತಿಗೆ ತೋರಿಸಿದ.

"ಮನೆ ಎರಡು ಮಾಡಿದ್ದಕ್ಕೆ ಬಹುಮಾನ ಕೊಡ್ಬೇಕಾ?" ಎಂದಳು ಅವಳು. ಒಳಗೊಳಗೇ ಅವಳಿಗೂ ಹಗುರವಾಗಿತ್ತು. ಹಗುರವಾದದ್ದಕ್ಕೆ ಬೇಜಾರೂ ಆಗಿತ್ತು. ಯಾವುದು ಹೆಚ್ಚು ಎಂದು ಅವಳಿಗೇ ತಿಳಿಯಲಿಲ್ಲ.

ವಾರಗಳು ಕಳೆದವು. ಬಿಸಿಲು ಜೋರಾಗಿ, ನಡುವೆ ಒಂದು ಸಂಜೆ ನೆಲದ ಬಣ್ಣ ಬದಲಾಗುವಷ್ಟು ಮಾತ್ರ ತುಂತುರು ಬಿತ್ತು. ಅದರ ಮರುಬೆಳಗ್ಗೆ ಸೊಸೆ ಫೋನು ನೋಡಿದಳು. ಹಸಿರು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಹಸಿರೇ. ಕಡ್ಡಿ ಅಳೆದ ತೇವ ಹಿಂದೆಂದೂ ಇಲ್ಲದಷ್ಟು ಮೇಲೇರಿತ್ತು. ಈಗ ಅತ್ತೆ ಇಲ್ಲ ಎನ್ನುತ್ತಾಳೆ ಎಂದುಕೊಂಡು ಹಿತ್ತಲಿಗೆ ಬಂದರೆ, ಅತ್ತೆ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಇರುವೆಗಳ ಸಾಲು ಬಿಳಿ ಮೊಟ್ಟೆ ಹೊತ್ತು ಸರಸರನೆ ಮೇಲಕ್ಕೆ ಹೋಗುತ್ತಿತ್ತು.

"ಬರುತ್ತೆ," ಎಂದಳು ಅತ್ತೆ, ತಿರುಗಿ ನೋಡದೆ. "ನಿನ್ನ ಡಬ್ಬಿ ಏನನ್ನುತ್ತೋ ಅನ್ನಲಿ."

"ಅದೂ ಬರುತ್ತೆ ಅಂತಿದೆ."

ಅತ್ತೆ ಈಗ ತಿರುಗಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗಬೇಕೋ, ಹಳೆಯ ಮುನಿಸು ಕಾಯ್ದುಕೊಳ್ಳಬೇಕೋ ಇಬ್ಬರಿಗೂ ಹೊಳೆಯಲಿಲ್ಲ. ಅಂದು ಬೆಳಗಿನ ತಿಂಡಿಗೆ ಇಬ್ಬರೂ ಒಟ್ಟಿಗೆ ಕೂತರು. ಬೇಯಿಸಿದ ಆಲೂಗಡ್ಡೆಯ ದೊಡ್ಡದನ್ನು ಅತ್ತೆ ಸೊಸೆಯ ತಟ್ಟೆಗೆ ಹಾಕಿದಳು. ಮೊಮ್ಮಗಳು ಬಾಗಿಲಲ್ಲಿ ನಿಂತು, "ಇವತ್ತು ಛತ್ರಿ ಪೂರ್ತಿ ತಗೊಂಡು ಹೋಗ್ತೀನಿ," ಎಂದಳು.

ಸೊಸೆ ಸಂಘದ ಗುಂಪಿಗೆ ಫೋನಿನಲ್ಲಿ ಮಾತು ಕಳಿಸಿದಳು. "ಅತ್ತೆನೂ ಹೂಂ ಅಂದಿದಾರೆ, ಮೀಟರೂ ಹೂಂ ಅಂದಿದೆ. ಬಿತ್ತಿ."

ಹೊಲದಲ್ಲಿ ಬೀಜ ಊರುವಾಗ ಅವಳ ಬೆರಳಿಗೆ ಮೇಲಿನ ಮಣ್ಣು ತೇವವಾಗಿ ಸಿಕ್ಕಿತು, ಕೆಳಗಿನದು ಪುಡಿಪುಡಿಯಾಗಿ ಉದುರಿತು. ಒಂದು ಗಳಿಗೆ ಕೈ ನಿಂತಿತು. ಇಬ್ಬರೂ ಒಂದೇ ಮಾತು ಹೇಳಿರುವಾಗ ಬೆರಳಿನ ಮಾತು ಯಾಕೆ ಎಂದುಕೊಂಡು ಮುಂದಿನ ಗುಳಿಗೆ ಸರಿದಳು. ಪಕ್ಕದ ಹೊಲದವಳೂ ಹಾಗೇ ಅಂದುಕೊಂಡಳೆಂದು ಆಮೇಲೆ ಗೊತ್ತಾಯಿತು. ಅವಳಾಚೆಯವಳೂ ಅಷ್ಟೇ.

ಮಳೆ ಬರಲಿಲ್ಲ.

ನಾಳೆ ಬರುತ್ತದೆ ಎಂದುಕೊಂಡರು. ಇರುವೆ ದಿನವೂ ಗೋಡೆ ಹತ್ತುತ್ತಿತ್ತು, ಫೋನು ದಿನವೂ ಹಸಿರು ತೋರಿಸುತ್ತಿತ್ತು, ಆಕಾಶ ಮಾತ್ರ ತೊಳೆದಿಟ್ಟಂತೆ ಖಾಲಿ. ತುಂತುರಿನ ತೇವಕ್ಕೆ ಉಬ್ಬಿದ ಬೀಜ ಮೊಳಕೆ ತೋರಿಸಿ ಅಲ್ಲೇ ಕಂದಿತು. ಸೊಸೆ ಒಂದನ್ನು ಅಗೆದು ತೆಗೆದು ಅಂಗೈಯಲ್ಲಿ ಹಿಡಿದಳು. ಉಗುರಿನಿಂದ ಒತ್ತಿದರೆ ಒಳಗೆ ಕಂದು. ಅವಳಿಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗದ್ದರಿಂದ ಎರಡೂ ಒಳಗೇ ಉಳಿದವು. ಒಬ್ಬರು ತಪ್ಪಿದ್ದರೆ ಬೈಯಬಹುದಿತ್ತು. ಇಬ್ಬರೂ ಹೇಗೆ ತಪ್ಪಿದರು?

ಮನೆಯಲ್ಲಿ ಮಾತು ಮತ್ತೆ ಕೆಟ್ಟಿತು.

"ನಿನ್ನ ಕಂಬ ನೆಟ್ಟ ಮೇಲೆ ನನ್ನ ಇರುವೆಗೂ ಬುದ್ಧಿ ಕೆಟ್ಟಿದೆ," ಎಂದಳು ಅತ್ತೆ.

"ಇರುವೆಗೆ ಕಂಬ ಏನು ಮಾಡುತ್ತೆ ಅತ್ತೆ?"

"ನಂಗೇನು ಗೊತ್ತು? ಗೊತ್ತಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಗಂಡ ರೊಟ್ಟಿ ಮುರಿಯುತ್ತ ತಲೆ ಎತ್ತಲಿಲ್ಲ. "ಇನ್ನೊಂದು ಚೂರು ಪಲ್ಯ ಹಾಕು," ಎಂದ. ಇಬ್ಬರೂ ಹಾಕಲಿಲ್ಲ.

ಅವತ್ತೇ ಆಫೀಸಿನ ಮೇಡಂ ಫೋನು ಮಾಡಿದರು. ಸುತ್ತಲಿನ ಕಂಬಗಳೆಲ್ಲ ಒಣಗಿದೆ ಎನ್ನುತ್ತಿವೆ, ನಿಮ್ಮದೊಂದೇ ಒದ್ದೆ ಎನ್ನುತ್ತಿದೆ, ಕಡ್ಡಿ ಕಿತ್ತು ಒರೆಸಿ ಮತ್ತೆ ಊರಿ ಎಂದರು. ಸೊಸೆ ಹಿತ್ತಲಿಗೆ ಹೋಗಿ ಕಡ್ಡಿಯನ್ನು ಎಳೆದಳು. ಮೇಲೆ ಬಿರುಕುಬಿಟ್ಟ ನೆಲ, ಕಡ್ಡಿಯ ತುದಿಯಲ್ಲಿ ಮಾತ್ರ ಕೆಸರು. ಒರೆಸಲೆಂದು ಸೆರಗು ಹಿಡಿದವಳು ನಿಂತಳು. ಕೆಸರಿನಲ್ಲಿ ಕಪ್ಪಗೆ ಸಣ್ಣ ಚೂರುಗಳು ಅಂಟಿದ್ದವು. ಮೂಸಿದಳು. ಸೋಸಿ ಚೆಲ್ಲಿದ ಚಹಾಪುಡಿ.

ಅವಳು ಕಡ್ಡಿ ಹಿಡಿದುಕೊಂಡೇ ಮೂಲೆಯ ಕಲ್ಲಿನ ಕಡೆ ನೋಡಿದಳು. ಅತ್ತೆ ತಟ್ಟೆ ತೊಳೆಯುತ್ತಿದ್ದಳು. ನೀರು ಕಲ್ಲಿನಿಂದಿಳಿದು ಹೆಂಚಿನ ಕೆಳಗೆ ಮಾಯವಾಗುತ್ತಿತ್ತು, ಒಂದು ಹನಿ ಕಣ್ಣಿಗೆ ಬೀಳದಂತೆ. ಮಣ್ಣಡಿಯಲ್ಲಿ ಉಬ್ಬಿದ ಹೆಂಚಿನ ಸಾಲು ನೆಟ್ಟಗೆ ಗೋಡೆಯ ಬುಡಕ್ಕೆ, ಕಂಬದ ಕಾಲಿಗೆ, ಇರುವೆಗಳ ಗೂಡಿಗೆ ಬಂದು ಮುಗಿಯುತ್ತಿತ್ತು. ಗೂಡಿಗೆ ನೀರು ನುಗ್ಗಿದ ಬಡಪಾಯಿ ಇರುವೆಗಳು ಮೊಟ್ಟೆ ಹೊತ್ತು ಓಡದೆ ಇನ್ನೇನು ಮಾಡಿಯಾವು? ಅವಕ್ಕೆ ದಿನಕ್ಕೆ ಮೂರು ಸಲ ಮಳೆ. ಮೀಟರಿಗೂ ಅಷ್ಟೇ.

ಜಗಳ ಆಡಿದ್ದಕ್ಕೆ ಕಲ್ಲು ಎರಡಾಯಿತು, ಕಲ್ಲು ಎರಡಾದದ್ದಕ್ಕೆ ಮಾತು ಒಂದಾಯಿತು, ಮಾತು ಒಂದಾದದ್ದಕ್ಕೆ ಬೀದಿಯ ಬೀಜವೆಲ್ಲ ಮಣ್ಣುಪಾಲಾಯಿತು. ಇದನ್ನು ಯಾರ ಮುಂದೆ, ಯಾವ ಬಾಯಿಂದ ಹೇಳುವುದು?

ಹೇಳುವ ಹೊತ್ತು ಆ ಸಂಜೆಯೇ ಬಂತು. ಸಂಘದವರು ಟೈಲರಮ್ಮನ ಜಗುಲಿಯಲ್ಲಿ ಸೇರಿದರು. ಅವಳೂ ಹೊಲ ಮಾಡುವವಳೇ, ನಡುವೆ ಹೊಲಿಗೆ ಯಂತ್ರವನ್ನೂ ತುಳಿಯುವವಳು. ಜಗುಲಿಯ ತುಂಬ ಶಾಲೆಯ ನೀಲಿ ಸಮವಸ್ತ್ರ ರಾಶಿ ಬಿದ್ದಿತ್ತು. ಅದನ್ನು ಅತ್ತಿತ್ತ ಸರಿಸಿ ಎಲ್ಲರೂ ಕೂತರು. ಅತ್ತೆ ಜಗುಲಿಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು, ನಿದ್ದೆ ಬಂದಿರಲಿಲ್ಲ.

"ಆ ಡಬ್ಬಿ ಕಿತ್ತು ಆಫೀಸಿಗೆ ವಾಪಸ್ಸು ಕೊಡಿ," ಎಂದಳು ಒಬ್ಬಳು.

"ಡಬ್ಬಿ ಏನು ಮಾಡುತ್ತೆ? ಅಜ್ಜಿಗೆ ವಯಸ್ಸಾಯ್ತು. ಕಣ್ಣು ಮಂಜಾಗಿದೆ, ಪಾಪ. ನಾವೇ ಅರ್ಥ ಮಾಡ್ಕೋಬೇಕಿತ್ತು," ಎಂದಳು ಇನ್ನೊಬ್ಬಳು.

ಅತ್ತೆಯ ರೆಪ್ಪೆ ಅಲುಗಿತು. ತಾನೇ ಆಡಿದ್ದ ಮಾತು ಬೇರೆಯವರ ಬಾಯಿಂದ ಬಂದದ್ದನ್ನು ಕೇಳಿ ಸೊಸೆಗೆ ಚುರುಕ್ಕೆಂದಿತು. ಸುಮ್ಮನಿದ್ದರೆ ಸಾಕಿತ್ತು. ತಪ್ಪು ಅಜ್ಜಿಯದಾಗಿ ಮೀಟರಮ್ಮ ಮೀಟರಮ್ಮನಾಗಿಯೇ ಉಳಿಯುತ್ತಿದ್ದಳು. ಇಲ್ಲವೇ ತಪ್ಪು ಡಬ್ಬಿಯದಾಗಿ ಮನೆಯ ಮಾನ ಮನೆಯಲ್ಲೇ ಉಳಿಯುತ್ತಿತ್ತು.

"ಇರುವೆದೂ ತಪ್ಪಲ್ಲ, ಮೀಟರ್ದೂ ತಪ್ಪಲ್ಲ," ಎಂದಳು ಸೊಸೆ. "ನಮ್ಮನೇಲಿ ಪಾತ್ರೆ ತೊಳೆಯೋ ಕಲ್ಲು ಎರಡಿದೆ."

ಯಾರಿಗೂ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಮೆಣಸಿನಕಾಯಿಯಿಂದ ಹಿಡಿದು ಚಹಾಪುಡಿಯವರೆಗೆ, ತಾನು ಅತ್ತೆಯ ಕಣ್ಣಿನ ಬಗ್ಗೆ ಅಂದದ್ದನ್ನೂ ಬಿಡದೆ ಹೇಳಿದಳು. ಯಾರೋ ಕಿಸಕ್ಕನೆ ನಕ್ಕರು, ಯಾರೋ ಅವರನ್ನು ಗದರಿದರು. "ನಿಮ್ಮ ಎಂಜಲು ನೀರು ನಂಬ್ಕೊಂಡು ನಾವು ಬಿತ್ತಿದ್ವಾ?" ಎಂದು ಮೊದಲಿನವಳು ಕೇಳಿದಳು.

ಆಗ ಹೊಲಿಗೆ ಯಂತ್ರದ ಹಿಂದಿನಿಂದ ಟೈಲರಮ್ಮ ಕೆಮ್ಮಿದಳು. "ನನ್ನ ಹತ್ರ ಬೀಜ ಇದೆ."

ಎಲ್ಲರೂ ತಿರುಗಿದರು.

"ಪೂರ್ತಿ ಬಿತ್ತಲಿಲ್ಲ ನಾನು. ಶಾಲೆ ಶುರುವಾಗೋದ್ರೊಳಗೆ ಇಷ್ಟೂ ಹೊಲಿದು ಕೊಡ್ಬೇಕಿತ್ತು. ಅರ್ಧ ಚೀಲ ಹಾಗೇ ಉಳೀತು. ಹೇಳಿದ್ರೆ ಸೋಮಾರಿ ಅಂತೀರಿ ಅಂತ ಬಾಯಿ ಬಿಡ್ಲಿಲ್ಲ."

ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯದೆ ಹೆಂಗಸರು ಕಣ್ಣುಕಣ್ಣು ಬಿಟ್ಟರು. ಕೊನೆಗೆ, ಹಂಚಿಕೊಂಡರೆ ಹೊಲ ತುಂಬದಿದ್ದರೂ ಬೀಜದ ತಳಿಯಾದರೂ ಉಳಿಯುತ್ತದೆ ಎಂದಾಯಿತು. ಆದರೆ ಯಾವಾಗ ಬಿತ್ತುವುದು ಎಂದು ಯಾರೂ ಕೇಳಲಿಲ್ಲ. ಯಾರನ್ನು ಕೇಳುವುದೆಂದು ಗೊತ್ತಿದ್ದರಲ್ಲವೇ?

ಮನೆಗೆ ಬಂದು ಹೊಸ್ತಿಲು ದಾಟಿದ ಮೇಲೆ ಅತ್ತೆ, "ಮನೆ ಮಾತು ಬೀದಿಗೆ ಹಾಕಿದೆ," ಎಂದಳು.

"ಹಾಕಿದೆ ಅತ್ತೆ. ಇಲ್ಲಾಂದ್ರೆ ನಿಮ್ಮನ್ನ ಕುರುಡಿ ಮಾಡ್ತಿದ್ರು."

"ನೀನು ಮೊದಲೇ ಮಾಡಿದ್ದೆಯಲ್ಲ."

ವಿಷಯ ತಿಳಿದ ಗಂಡನಿಗೆ ಬೇರೆಯದೇ ನೋವು. "ಅಂದ್ರೆ ಕೊನೆಗೆ ನನ್ನ ಕಾಲುವೆದೇ ತಪ್ಪು ಅಂತಾಯ್ತು. ಎಷ್ಟು ನೀಟಾಗಿ ಮಾಡಿದ್ದೆ," ಎಂದು ಹೆಂಚು ಕೀಳಲು ಹಾರೆ ಹುಡುಕುತ್ತ ಹೋದ.

"ನೀಟಾಗಿ ಮಾಡಿದ್ದೇ ತಪ್ಪು ಅಪ್ಪ," ಎಂದಳು ಮಗಳು.

ಮರುದಿನ ಬೆಳಗ್ಗೆ ನಿಂಬೆ ಗಿಡದ ಬಳಿಯ ಹಳೆಯ ಕಲ್ಲಿನ ಮೇಲೆ ಅತ್ತೆಯ ತಟ್ಟೆ, ಲೋಟ, ಚಹಾದ ಪಾತ್ರೆ ಇದ್ದವು. ಅತ್ತೆ ಪಕ್ಕದಲ್ಲೇ ಮಣೆ ಹಾಕಿ ಕೂತಿದ್ದಳು.

"ನನ್ನ ಸೋಪು ಮುಗೀತು. ನಿಂದು ಕೊಡು."

ಸೊಸೆ ಸೋಪು ಕೊಟ್ಟಳು. ಅತ್ತೆ ಉಜ್ಜಿದಳು, ಸೊಸೆ ಜಾಲಾಡಿದಳು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ. ಪಾತ್ರೆಯ ತಳ ಸೀಯಿಸಿದ್ದು ಯಾರು ಎಂದು ಸಣ್ಣದೊಂದು ಜಗಳವಾಯಿತು, ಅಷ್ಟೇ. ಹಿತ್ತಲ ಕಂಬದ ಬುಡ ಒಣಗಿ ಫೋನು ಕೆಂಪಾಯಿತು, ಇರುವೆಗಳು ಗೋಡೆಯಿಳಿದು ಗೂಡು ಸೇರಿದವು.

ಆಮೇಲಿನ ವಾರ ಆಕಾಶದಲ್ಲಿ ಮೋಡ ಕೂಡತೊಡಗಿತು. ಒಮ್ಮೆ ಜೋರಾಗಿಯೇ ಸುರಿದು ನಿಂತಿತು. ಫೋನು ಹಳದಿಗೆ ತಿರುಗಿ ಅಲ್ಲೇ ಕೂತಿತು. ಇರುವೆಗಳು ಅರ್ಧ ಗೋಡೆ ಹತ್ತಿ, ಏನೋ ಮರೆತವರಂತೆ ಇಳಿದವು. ಸೊಸೆಗೆ ಹಿಂದಿಗಿಂತಲೂ ತಲೆ ಕೆಟ್ಟಿತು. ಪಾತ್ರೆ ತೊಳೆದ ನೀರನ್ನು ಎಲ್ಲಿ ಚೆಲ್ಲುವುದೆಂಬುದಕ್ಕೂ ಈಗ ಅವಳಿಗೆ ಭಯ. ಒಂದು ದಿನ ನೀರನ್ನೆಲ್ಲ ಎರಡು ಹಿಡಿಕೆಯ ದೊಡ್ಡ ಬಾನಿಯಲ್ಲಿ ತುಂಬಿಕೊಂಡು ನಿಂತಳು.

"ಎಲ್ಲಿ ಚೆಲ್ಲಲಿ ಅತ್ತೆ?"

"ನನ್ನನ್ನೇನು ಕೇಳ್ತೀಯ. ನಿಂಬೆ ಗಿಡಕ್ಕೆ ಹಾಕು."

"ಅಲ್ಲಿಂದ ಹರಿದು ಗೋಡೆ ಕಡೆ ಹೋದ್ರೆ?"

ಅತ್ತೆ ಯೋಚಿಸಿ, ಎದ್ದು ಬಂದು ಬಾನಿಯ ಇನ್ನೊಂದು ಹಿಡಿಕೆ ಹಿಡಿದಳು. ಇಬ್ಬರೂ ಅದನ್ನು ಎತ್ತಿಕೊಂಡು ಹಿತ್ತಲು ದಾಟಿದರು. ಇಲ್ಲಿ ಬೇಡ ಎಂದಳು ಅತ್ತೆ, ಅಲ್ಲೂ ಬೇಡ ಎಂದಳು ಸೊಸೆ. ಹೀಗೆ ಬೇಡ ಬೇಡವೆನ್ನುತ್ತ ಟೈಲರಮ್ಮನ ಹೊಲದ ಬೇಲಿಯವರೆಗೆ ಬಂದುಬಿಟ್ಟರು. ಅವಳು ತನ್ನ ಪಾಲಿನ ಬೀಜದ ಚೀಲ ಮಗ್ಗುಲಲ್ಲಿಟ್ಟುಕೊಂಡು ಬದುವಿನ ಮೇಲೆ ಒಬ್ಬಳೇ ಕೂತಿದ್ದಳು.

"ಸರಿಯಾಗಿ ಬಂದ್ರಿ," ಎಂದಳು. "ಬಿತ್ತಲಾ, ಬೇಡವಾ ಅಕ್ಕ?"

ಇವಳು ಮತ್ತೆ ನಮ್ಮನ್ನೇ ಕೇಳುತ್ತಿದ್ದಾಳಲ್ಲ ಎನ್ನಿಸಿತು ಸೊಸೆಗೆ. ಫೋನಿಗೆ ಕೈ ಹೋಗಲಿಲ್ಲ. ಬಾನಿ ಇಳಿಸಿ ಕೂತು ಮಣ್ಣಿನೊಳಗೆ ಮಣಿಕಟ್ಟಿನವರೆಗೆ ಕೈ ತೂರಿಸಿದಳು. ಅತ್ತೆಯೂ ಕೂತು, ಕೈಯಿಳಿಸಿ ಒಂದು ಹಿಡಿ ಮಣ್ಣು ತೆಗೆದು, ಅಮುಕಿ ಉಂಡೆ ಮಾಡಿ ನೋಡಿದಳು. ಉಂಡೆ ಒಡೆಯಲಿಲ್ಲ.

"ಬಿತ್ತಬಹುದು," ಎಂದಳು ಅತ್ತೆ.

"ನಂಗೂ ಹಾಗೇ ಅನ್ನಿಸುತ್ತೆ," ಎಂದಳು ಸೊಸೆ.

ಟೈಲರಮ್ಮ ಚೀಲದ ಬಾಯಿಗೆ ಹಾಕಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದಳು. ಇವರ ಮುಖ ನೋಡಿದಳು, ಬಾನಿ ನೋಡಿದಳು.

"ಇಬ್ರೂ ಒಂದೇ ಮಾತು ಹೇಳ್ತಿದೀರಲ್ಲ," ಎಂದಳು. "ಇವತ್ತು ಪಾತ್ರೆ ಎಲ್ಲಿ ತೊಳೆದ್ರಿ?"

"ಒಟ್ಟಿಗೇ," ಎಂದಳು ಅತ್ತೆ. "ನೀರು ಇನ್ನೂ ಬಾನೀಲೇ ಇದೆ. ಬೇಕಾದ್ರೆ ನೋಡ್ಕೋ."

ಟೈಲರಮ್ಮ ಎದ್ದು ಬಂದು ಬಗ್ಗಿ, ಬಾನಿಯೊಳಗೆ ನಿಜವಾಗಿಯೂ ನೋಡಿದಳು. ಆಮೇಲೆ ಚೀಲ ಬಿಚ್ಚಿದಳು.